ನಟ್ಟಿಗೆ ಕೈ ಹಾಕುವ ಮುನ್ನ

ಮದ್ದೂರಿನಿಂದ ಮಳವಳ್ಳಿ ಕಡೆಗೆ ಹೊರಟರೆ ರಸ್ತೆ ಬದಿಯಲ್ಲೊಂದು ತಗಡಿನ ಶೆಡ್ಡು ಸಿಗುತ್ತದೆ. ಬೋರ್ಡಿಲ್ಲ. ಹಳೇ ಜಾವಾ, ಯೆಜ್ಡಿ ಬೈಕು ಇಟ್ಟುಕೊಂಡವರಿಗೆ ಅದರ ಅಗತ್ಯವೂ ಇಲ್ಲ. ಪೇಪರಿನಲ್ಲಿ ಹೆಸರು ಬೇಡ ಎಂದ ಮೇಸ್ತ್ರಿಗೆ ಎಪ್ಪತ್ತು ದಾಟಿದೆ. ಬ್ರೇಕ್ ಹಿಡಿಯುತ್ತಿಲ್ಲ ಎಂದು ಬಂದವರು, ಪಾನ (ಸ್ಪ್ಯಾನರ್) ತಗೊಂಡು ನಟ್ಟನ್ನು ನಾಲ್ಕು ಸುತ್ತು ಬಿಗಿ ಮಾಡಿಕೊಟ್ಟರೆ ಸಾಕೆಂದುಕೊಂಡಿರುತ್ತಾರೆ. ಇವರು ಪಾನ ಮುಟ್ಟುವುದೇ ಇಲ್ಲ. ಸೆಂಟರ್ ಸ್ಟ್ಯಾಂಡ್ ಹಾಕಿ, ಹಿಂದಿನ ಚಕ್ರ ತಿರುವಿಬಿಟ್ಟು, ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂರುತ್ತಾರೆ.

"ಒಂದೇ ತಾವ ಉಜ್ಜುತೈತಾ, ಸುತ್ತಾನೂ ಉಜ್ಜುತೈತಾ, ಕಿವಿ ಕೊಡಿ ಸಾ."

ಒಂದೇ ಕಡೆ ಸದ್ದು ಬಂದರೆ ಡ್ರಮ್ಮಿನ ದುಂಡು ಕೆಟ್ಟಿರಬಹುದು. ಸುತ್ತಲೂ ಬಂದರೆ ಯಾರೋ ಅತಿಯಾಗಿ ಬಿಗಿದಿದ್ದಾರೆ, ಇಲ್ಲವೇ ಬ್ರೇಕ್ ಶೂಗಳನ್ನು ಅಗಲಿಸುವ ಕ್ಯಾಮ್ ತುಕ್ಕು ಹಿಡಿದು ವಾಪಸ್ ತಿರುಗುತ್ತಿಲ್ಲ. ಆಮೇಲೆ ಅವರು ನೋಡುವುದು ಡ್ರಮ್ಮಿನ ಹೊರಗಿರುವ ಪುಟ್ಟ ಲಿವರನ್ನು. ಬ್ರೇಕ್ ಒತ್ತಿದಾಗ ಅದು ಬ್ರೇಕ್ ರಾಡಿಗೆ ಹೆಚ್ಚುಕಡಿಮೆ ಮೂಲೆಮಟ್ಟವಾಗಿ ನಿಲ್ಲಬೇಕು. ಆಗಲೇ ಪೂರ್ತಿ ಬಲ ಸಿಗುವುದು. ಲಿವರ್ ಆ ಮಟ್ಟ ದಾಟಿ ಮುಂದಕ್ಕೆ ವಾಲಿದ್ದರೆ ಒಳಗೆ ಶೂಗಳ ಮೇಲಿನ ಲೈನರ್ ಸವೆದಿದೆ ಎಂದರ್ಥ. ಆಗ ನಟ್ ಬಿಗಿಯುತ್ತಲೇ ಹೋದರೆ ಬ್ರೇಕ್ ಬಂದಂತೆ ಅನಿಸುತ್ತದೆ, ಅಷ್ಟೇ. ತೀರಾ ಸವೆದಲ್ಲಿ ಕ್ಯಾಮ್ ಮಗುಚಿಕೊಂಡು ಚಕ್ರವೇ ಲಾಕ್ ಆದೀತು.

ಇನ್ನೊಂದು ತಕರಾರು ಚೈನಿನದು. ಚೈನ್ ಬಿಗಿ ಮಾಡಲು ಹಿಂದಿನ ಚಕ್ರವನ್ನು ಹಿಂದಕ್ಕೆ ಸರಿಸುತ್ತಾರಲ್ಲ, ಆಗ ಬ್ರೇಕ್ ರಾಡೂ ಎಳೆದುಕೊಂಡು ತಾನಾಗಿಯೇ ಬಿಗಿಯಾಗುತ್ತದೆ. ನಾಲ್ಕು ಕಿಲೋಮೀಟರ್ ಹೋಗುವಷ್ಟರಲ್ಲಿ ಡ್ರಮ್ ಕೈ ಇಡಲಾಗದಷ್ಟು ಕಾದಿರುತ್ತದೆ. ಚೈನ್ ಮುಟ್ಟಿದವನು ರಾಡಿನ ನಟ್ಟನ್ನೂ ಸಡಿಲಿಸಬೇಕು. ಚಕ್ರ ಬಿಚ್ಚಿ ಹಾಕಿದ ಮೇಲೆ ಬ್ರೇಕ್ ಒತ್ತಿ ಹಿಡಿದುಕೊಂಡೇ ಆಕ್ಸೆಲ್ ನಟ್ ಬಿಗಿಯಬೇಕು. ಹಾಗಾದರೆ ಎರಡು ಶೂಗಳೂ ಡ್ರಮ್ಮಿನ ನಡುಮಧ್ಯೆ ಕೂರುತ್ತವೆ. ಮುಂದಿನ ಬ್ರೇಕಿನ ಕಥೆ ಚಿಕ್ಕದು: ಕೇಬಲ್ಲಿನ ಎಳೆ ಬಿಟ್ಟಿದ್ದರೆ ಬೇರೆ ಹಾಕಿ, ಕೇಬಲ್ಲಿಗೆ ಎಣ್ಣೆ ಬಿಡಿ.

ಈ ಜಾವಾ, ಯೆಜ್ಡಿಗಳು ಹೊರಗಿನವಲ್ಲ. ಆಗಿನ ಜೆಕೊಸ್ಲೊವಾಕಿಯಾದ ಜಾವಾ ಕಂಪನಿಯ ಪರವಾನಗಿ ಪಡೆದು ರುಸ್ತುಂ ಇರಾನಿ ಮತ್ತು ಫಾರೂಕ್ ಇರಾನಿ ಮೈಸೂರಿನಲ್ಲಿ ಐಡಿಯಲ್ ಜಾವಾ ಕಾರ್ಖಾನೆ ಕಟ್ಟಿದರು. 1961ರಲ್ಲಿ ತಯಾರಿಕೆ ಶುರುವಾಯಿತು, 1970ರ ದಶಕದಲ್ಲಿ ಯೆಜ್ಡಿ ಎಂಬ ಹೆಸರು ಬಂತು, 1996ರಲ್ಲಿ ಬಾಗಿಲು ಮುಚ್ಚಿತು. ಇವುಗಳದು ಟೂ ಸ್ಟ್ರೋಕ್ ಎಂಜಿನ್ನು. ಆಕ್ಸಿಲರೇಟರ್ ಬಿಟ್ಟರೆ ಎಂಜಿನ್ ಹೆಚ್ಚೇನೂ ತಡೆಯುವುದಿಲ್ಲ. ಶಿವನಸಮುದ್ರದ ಇಳಿಜಾರಿನಲ್ಲಿ ನೆಚ್ಚಬೇಕಾದದ್ದು ಬ್ರೇಕನ್ನೇ. 2018ರಲ್ಲಿ ಜಾವಾ ಮತ್ತೆ ಬಂತು, ಮುಂದಿನ ಚಕ್ರಕ್ಕೆ ಡಿಸ್ಕ್ ಬ್ರೇಕಿನೊಂದಿಗೆ. ಆ ಡಿಸ್ಕಿಗೆ ಈ ಮೇಸ್ತ್ರಿಯ ಕಿವಿ ಬೇಕಿಲ್ಲ.

ಈಗ ಶೆಡ್ಡಿಗೆ ಗಿರಾಕಿ ಕಡಿಮೆ. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯಲ್ಲಿ 2023ರ ಆಗಸ್ಟ್ 1ರಿಂದ ಬೈಕುಗಳಿಗೆ ಪ್ರವೇಶವೇ ಇಲ್ಲ. ಹಳೇ ಗಾಡಿಯವರು ಸರ್ವೀಸ್ ರಸ್ತೆಯಲ್ಲೇ ಬರಬೇಕು. ಕಲಿಯಲು ಹುಡುಗರೂ ಬರುತ್ತಿಲ್ಲ. ಇದು ಬರೀ ಹಳೇ ಗಾಡಿಯ ಶೋಕಿಯವರ ಚಿಂತೆಯಲ್ಲ. ಮಂಡ್ಯದ ಹಳ್ಳಿಗಳಲ್ಲಿ ಮೇವು, ಹಾಲಿನ ಕ್ಯಾನು ಹೇರಿಕೊಂಡು ಓಡುವ ಟಿವಿಎಸ್ ಎಕ್ಸ್‌ಎಲ್‌ಗೂ ಇರುವುದು ಡ್ರಮ್ ಬ್ರೇಕೇ. ಅದರ ಲಿವರನ್ನು ಓದಬಲ್ಲವರು ಬೇಕಲ್ಲ?

ಮೇಸ್ತ್ರಿಯ ಒಂದು ಅಭ್ಯಾಸ ಮಾತ್ರ ನನಗೆ ಒಪ್ಪಿಗೆಯಾಗಲಿಲ್ಲ. ಡ್ರಮ್ ಬಿಚ್ಚಿದೊಡನೆ ಬಾಯಲ್ಲಿ ಊದಿ ಧೂಳು ಹಾರಿಸುತ್ತಾರೆ. ಹಳೇ ಲೈನರುಗಳಲ್ಲಿ ಕಲ್ನಾರು ಇರುತ್ತಿತ್ತು. ಅದರ ಧೂಳು ಶ್ವಾಸಕೋಶಕ್ಕೆ ಕೇಡು. ಹಿತ್ತಿಲ ಜಾವಾವನ್ನು ಹೊರಗೆ ತೆಗೆಯುವವರು ಕಿಕ್ ಹೊಡೆಯುವ ಮೊದಲು ಎರಡೂ ಚಕ್ರ ಬಿಚ್ಚಿಸಿ ನೋಡಿ, ಧೂಳನ್ನು ಒದ್ದೆ ಬಟ್ಟೆಯಲ್ಲೇ ಒರೆಸಿ.