ಜೀರಿಗೆಗೇನು ಗೊತ್ತು ಹೆರಿಗೆ ನೋವು?

ರಾತ್ರಿ ಹನ್ನೊಂದು ಗಂಟೆ. ದಿನ ತುಂಬುತ್ತ ಬಂದ ಮಗಳು ಸೊಂಟ ಹಿಡಿದುಕೊಂಡು ಮಂಚದ ಅಂಚಿಗೆ ಕೂತಿದ್ದಾಳೆ. ತಾಯಿ ಹೆಚ್ಚೇನೂ ಕೇಳದೆ ಅಡುಗೆಮನೆಗೆ ಹೋಗಿ, ಒಂದು ಚಮಚ ಜೀರಿಗೆ ಹುರಿದು, ನೀರು ಬೆಲ್ಲ ಹಾಕಿ ಕುದಿಸಿ, ಲೋಟಕ್ಕೆ ಬಗ್ಗಿಸಿಕೊಂಡು ಬರುತ್ತಾಳೆ. ‘ಕುಡಿ. ಸುಳ್ಳು ನೋವಾದ್ರೆ ನಿಂತ್ಹೋಗತ್ತೆ, ನಿಜವಾದ್ದಾದ್ರೆ ಜೋರಾಗತ್ತೆ.’ ಆಮೇಲೆ ಮನೆಮಂದಿಯೆಲ್ಲ ಕೂತು ಫಲಿತಾಂಶಕ್ಕೆ ಕಾಯುತ್ತಾರೆ.

ಆಸ್ಪತ್ರೆಗೆ ಫೋನ್ ಹೋಗುವ ಮುಂಚೆ ಕರ್ನಾಟಕದ ಎಷ್ಟೋ ಮನೆಗಳಲ್ಲಿ ನಡೆಯುವ ಪರೀಕ್ಷೆ ಇದು. ಒಮ್ಮೆಯೂ ತಪ್ಪಿಲ್ಲ ಎಂಬ ಖ್ಯಾತಿ ಬೇರೆ. ತಪ್ಪುವುದಾದರೂ ಹೇಗೆ? ನೋವು ನಿಂತರೆ ಜೀರಿಗೆ ನಿಲ್ಲಿಸಿತು, ಜೋರಾದರೆ ಜೀರಿಗೆ ಜೋರು ಮಾಡಿತು. ಏನೇ ಆದರೂ ಗೆಲ್ಲುವುದು ಲೋಟವೇ. ಹುಸಿ ನೋವು ಸಾಮಾನ್ಯವಾಗಿ ಒಂದೆರಡು ಗಂಟೆಯಲ್ಲಿ ತಾನಾಗಿಯೇ ಇಳಿಯುತ್ತದೆ. ಹೆರಿಗೆಯ ನೋವು ಅಷ್ಟೇ ಹೊತ್ತಿನಲ್ಲಿ ತಾನಾಗಿಯೇ ಬಲಿಯುತ್ತದೆ. ಕಷಾಯದ ಬದಲು ಮಜ್ಜಿಗೆ ಕೊಟ್ಟಿದ್ದರೂ, ಏನೂ ಕೊಡದೆ ಎರಡು ಧಾರಾವಾಹಿ ತೋರಿಸಿದ್ದರೂ ಫಲಿತಾಂಶ ಇಷ್ಟೇ. ಪರೀಕ್ಷೆ ಮಾಡಿದ್ದು ಗೋಡೆಯ ಮೇಲಿನ ಗಡಿಯಾರ. ಹೆಸರು ಮಾತ್ರ ಜೀರಿಗೆಗೆ.

ಜೀರಿಗೆಯ ಪಾಲಿಗೆ ಸಲ್ಲಬೇಕಾದ ಒಂದು ಮಾತಿದೆ. ಮೈಯಲ್ಲಿ ನೀರಿನಂಶ ಕಡಿಮೆಯಾದಾಗ ಗರ್ಭಕೋಶ ಬಿಗಿಯುವುದು ಹೆಚ್ಚುತ್ತದೆ, ಹೊಟ್ಟೆ ತುಂಬ ನೀರು ಕುಡಿದು ಎಡಮಗ್ಗುಲಿಗೆ ಮಲಗಿದರೆ ಎಷ್ಟೋ ಸಲ ಅದು ಸಡಿಲಗೊಳ್ಳುತ್ತದೆ. ಕಷಾಯದಲ್ಲಿ ಕೆಲಸ ಮಾಡಿದ್ದು ಏನಾದರೂ ಇದ್ದರೆ ಅದು ನೀರು.

ಈ ಬಿಗಿತಕ್ಕೆ ವೈದ್ಯರು ಇಟ್ಟಿರುವ ಹೆಸರು ಬ್ರಾಕ್ಸ್‌ಟನ್ ಹಿಕ್ಸ್. ಲಂಡನ್ನಿನ ವೈದ್ಯ ಜಾನ್ ಬ್ರಾಕ್ಸ್‌ಟನ್ ಹಿಕ್ಸ್ 1872ರಲ್ಲಿ ಇದನ್ನು ವಿವರಿಸಿದಾಗ ಅವನ ತಲೆಯಲ್ಲಿದ್ದದ್ದು ನಿಜ–ಸುಳ್ಳು ನೋವಿನ ಗೊಡವೆಯಲ್ಲ. ಸ್ಕ್ಯಾನ್ ಇಲ್ಲ, ಮೂತ್ರಪರೀಕ್ಷೆಯ ಪಟ್ಟಿ ಇಲ್ಲ. ಉಬ್ಬಿದ ಹೊಟ್ಟೆಯಲ್ಲಿರುವುದು ಮಗುವೋ ಗಡ್ಡೆಯೋ ಎಂದು ತಿಳಿಯುವುದೇ ಆಗ ಕಷ್ಟವಾಗಿತ್ತು. ಬಸುರಿನ ಉದ್ದಕ್ಕೂ ಗರ್ಭಕೋಶ ಆಗಾಗ ಬಿಗಿದು ಸಡಿಲವಾಗುತ್ತದೆ, ಕೈಯಿಟ್ಟು ಅದನ್ನು ಗುರುತಿಸಿದರೆ ಗರ್ಭ ಎಂದು ಹೇಳಬಹುದು ಎಂಬುದು ಅವನ ವಾದ. ಈ ಬಿಗಿತ ಶುರುವಾಗುವುದು ಮೊದಲ ತಿಂಗಳುಗಳಲ್ಲೇ. ಅನುಭವಕ್ಕೆ ಬರುವುದು ಮಾತ್ರ ಹೊಟ್ಟೆ ಬೆಳೆದ ಮೇಲೆ.

ಅಂದರೆ ನಮ್ಮಲ್ಲಿ ಸೀಮಂತದ ಹೊತ್ತಿಗೆ. ಏಳನೆಯ ತಿಂಗಳಲ್ಲಿ ಹುಡುಗಿಯನ್ನು ರೇಷ್ಮೆ ಸೀರೆಯಲ್ಲಿ ಸುತ್ತಿ ಮೂರು ಗಂಟೆ ಕೂರಿಸುತ್ತಾರೆ. ಆರತಿ ಮುಗಿಯುವ ತನಕ ನೀರಿಲ್ಲ, ಬಚ್ಚಲಿಗೆ ಎದ್ದು ಹೋಗಲು ಸಂಕೋಚ, ಮೇಲೆ ಫೋಟೋದವರ ಕಾಟ. ದಣಿವು, ಬಾಯಾರಿಕೆ, ತುಂಬಿದ ಮೂತ್ರಕೋಶ: ಗರ್ಭಕೋಶವನ್ನು ಕೆಣಕುವ ಮೂರೂ ಒಟ್ಟಿಗೆ. ಸಂಜೆ ಹೊಟ್ಟೆ ಕಲ್ಲಿನಂತಾದರೆ ‘ದೃಷ್ಟಿ ತಾಕಿದೆ’ ಎಂದು ಉಪ್ಪು ಮೆಣಸಿನಕಾಯಿ ನಿವಾಳಿಸುತ್ತಾರೆ. ಅವಳಿಗೆ ಬೇಕಾಗಿದ್ದದ್ದು ಬಚ್ಚಲು, ಒಂದು ಚೊಂಬು ನೀರು ಮತ್ತು ದಿಂಬು.

ಹುಸಿ ನೋವಿಗೆ ತಾಳವಿಲ್ಲ. ಈಗೊಮ್ಮೆ ಬಂತು, ಇಪ್ಪತ್ತು ನಿಮಿಷ ಬಿಟ್ಟು ಇನ್ನೊಮ್ಮೆ, ಆಮೇಲೆ ನಾಪತ್ತೆ. ಹೆಚ್ಚಾಗಿ ಹೊಟ್ಟೆಯ ಮುಂಭಾಗದಲ್ಲೇ ಇರುತ್ತದೆ. ಎದ್ದು ನಡೆದರೆ ಅಥವಾ ಮಗ್ಗುಲು ಬದಲಿಸಿದರೆ ಕರಗುತ್ತದೆ. ಹೆರಿಗೆ ನೋವು ಹಟಮಾರಿ. ಬಹುಮಟ್ಟಿಗೆ ಬೆನ್ನಿನಿಂದ ಮುಂದಕ್ಕೆ ಸುತ್ತಿಕೊಂಡು ಬರುತ್ತದೆ, ನಡುವಿನ ಬಿಡುವು ಕಿರಿದಾಗುತ್ತ ಹೋಗುತ್ತದೆ, ಬಂದಷ್ಟು ಸಲವೂ ಹಿಂದಿನದಕ್ಕಿಂತ ಜೋರು. ದಿನ ತುಂಬಿದ ಚೊಚ್ಚಲ ಗರ್ಭಿಣಿಗೆ ವೈದ್ಯರು ಹೇಳುವ ಸಾಮಾನ್ಯ ಲೆಕ್ಕ: ಐದು ನಿಮಿಷಕ್ಕೊಮ್ಮೆ, ಒಂದು ನಿಮಿಷದಷ್ಟು ಹೊತ್ತು, ಹೀಗೆ ಒಂದು ಗಂಟೆ ಬಂದರೆ ಹೊರಡಿ. ಎರಡನೆಯದೋ ಮೂರನೆಯದೋ ಹೆರಿಗೆಯಾದರೆ, ಆಸ್ಪತ್ರೆ ದೂರವಿದ್ದರೆ, ಅಷ್ಟು ಕಾಯುವಂತಿಲ್ಲ.

ಕೊನೆಯ ತೀರ್ಪು ಮಾತ್ರ ಗರ್ಭಕೋಶದ ಬಾಯಿಯದು. ಹುಸಿ ನೋವಿನಲ್ಲಿ ಅದು ತೆಳುವಾಗುವುದಿಲ್ಲ, ತೆರೆಯುವುದಿಲ್ಲ. ವೈದ್ಯರೂ ಒಂದು ಸಲ ನೋಡಿ ಅನುಮಾನವಿದ್ದರೆ ಒಂದೆರಡು ಗಂಟೆ ಬಿಟ್ಟು ಮತ್ತೆ ನೋಡುತ್ತಾರೆ. ಹಾಗಾದರೆ ಅವರೂ ಕಾಯುವುದೇ ತಾನೆ ಎಂದು ಯಾರಾದರೂ ಕೇಳಬಹುದು. ಹೌದು, ಕಾಯುತ್ತಾರೆ, ಮಗುವಿನ ಎದೆಬಡಿತ ಕೇಳುತ್ತ. ಮನೆಯಲ್ಲಿ ಕಾಯುವುದು ಬರಿದಾಗುತ್ತಿರುವ ಲೋಟ ನೋಡುತ್ತ.

ಲೋಟದ ಪರೀಕ್ಷೆ ತಮಾಷೆಯಾಗಿ ಉಳಿಯದಿರುವುದು ಇಲ್ಲಿ. 37 ವಾರ ತುಂಬದ ಬಸುರಿನಲ್ಲಿ ನೋವು ಬಂದರೆ ಮನೆಯವರ ಮೊದಲ ಮಾತು ‘ಇನ್ನೂ ದಿನ ಇದೆ, ಸುಳ್ಳು ನೋವೇ ಇರಬೇಕು’. ಅವಧಿಗೆ ಮುಂಚಿನ ಹೆರಿಗೆ ಶುರುವಾಗುವುದು ಹೀಗೇ, ಸದ್ದಿಲ್ಲದೆ: ಸೊಂಟದಲ್ಲಿ ಮಂದ ನೋವು, ಕೆಳಹೊಟ್ಟೆ ಭಾರ, ಮುಟ್ಟಿನ ನೋವಿನ ಹಾಗೆ ಬಂದು ಹೋಗುವ ಸೆಳೆತ. ನ್ಯೂಜಿಲೆಂಡಿನ ಗ್ರಹಾಂ ಲಿಗಿನ್ಸ್ ಮತ್ತು ರಾಸ್ ಹೌವಿ 1972ರಲ್ಲಿ, ಹಿಕ್ಸ್‌ನ ಬರಹಕ್ಕೆ ಸರಿಯಾಗಿ ನೂರು ವರ್ಷದ ಮೇಲೆ, ಒಂದು ಸಂಗತಿ ತೋರಿಸಿಕೊಟ್ಟರು: ಬೇಗ ಹುಟ್ಟಲಿರುವ ಮಗುವಿನ ತಾಯಿಗೆ ಸ್ಟೀರಾಯ್ಡ್ ಚುಚ್ಚುಮದ್ದು ಕೊಟ್ಟರೆ ಮಗುವಿನ ಶ್ವಾಸಕೋಶ ಬೇಗ ಬಲಿಯುತ್ತದೆ. ಇವತ್ತು ನಮ್ಮ ಸರ್ಕಾರಿ ಆಸ್ಪತ್ರೆಗಳಲ್ಲೂ ಇದಕ್ಕೆ ಡೆಕ್ಸಾಮೆಥಸೋನ್ ಕೊಡುತ್ತಾರೆ, 12 ಗಂಟೆಗೊಂದರಂತೆ ನಾಲ್ಕು ಸಲ. ಈ ಮದ್ದಿಗೆ ಸಮಯ ಬೇಕು. ಎರಡು ಲೋಟ ಕಷಾಯ ಕುಡಿಸಿ ಬೆಳಗಿನವರೆಗೆ ನೋಡೋಣ ಎಂದು ಕೂತ ಮನೆಯವರು ಕಳೆಯುವುದು ಇದೇ ಸಮಯವನ್ನು.

‘ಸುಳ್ಳು ನೋವು’ ಎಂಬ ಹೆಸರೂ ಸಣ್ಣ ಅನ್ಯಾಯ ಮಾಡಿಲ್ಲ. ರಾತ್ರಿ ಆಟೋ ಹಿಡಿದು ಆಸ್ಪತ್ರೆಗೆ ಹೋಗಿ, ‘ಇನ್ನೂ ಬಾಯಿ ತೆರೆದಿಲ್ಲ, ಮನೆಗೆ ಹೋಗಿ’ ಎನ್ನಿಸಿಕೊಂಡು ಮರಳಿದವಳ ಕಡೆ ಮನೆಮಂದಿ ನೋಡುವ ನೋಟವೇ ಬೇರೆ. ಸುಳ್ಳು ಹೇಳಿದ್ದು ಅವಳು ಎಂಬಂತೆ. ಮುಂದಿನ ಸಲ ನಿಜವಾಗಿ ನೋವು ಬಂದಾಗ ಅವಳು ಹಲ್ಲು ಕಚ್ಚಿ ಸುಮ್ಮನಿರುತ್ತಾಳೆ. ಹೀಗೆ ಹೋಗಿ ಬರುವುದು ಹೆರಿಗೆ ವಾರ್ಡಿನಲ್ಲಿ ದಿನನಿತ್ಯದ ಸಂಗತಿ, ಅಲ್ಲಿ ಯಾರೂ ಅದನ್ನು ಲೆಕ್ಕ ಇಡುವುದಿಲ್ಲ. ಲೆಕ್ಕ ಇಡುವವರು ಮನೆಯಲ್ಲಿದ್ದಾರೆ, ಆಟೋ ಬಾಡಿಗೆ ಸಮೇತ.

ಉಳಿದ ನಂಬಿಕೆಗಳಿಗೆ ಒಂದೊಂದು ಮಾತು ಸಾಕು. ಅಮಾವಾಸ್ಯೆ ಹುಣ್ಣಿಮೆಗೆ ನೋವು ಹೆಚ್ಚು ಎನ್ನುವವರಿಗೆ: ಅಮೆರಿಕದ ನಾರ್ತ್ ಕ್ಯಾರೊಲಿನಾದಲ್ಲಿ 1997ರಿಂದ 2001ರವರೆಗಿನ ಐದು ಲಕ್ಷಕ್ಕೂ ಹೆಚ್ಚು ಹೆರಿಗೆಗಳನ್ನು ತಾಳೆ ನೋಡಿದಾಗ ಚಂದ್ರನಿಗೂ ಅವುಗಳಿಗೂ ಸಂಬಂಧವೇ ಕಾಣಲಿಲ್ಲ. ಕೊನೆಯ ತಿಂಗಳು ತುಪ್ಪ ತಿಂದರೆ ಮಗು ಜಾರಿ ಬರುತ್ತದೆ ಎನ್ನುವವರಿಗೆ: ತುಪ್ಪ ಹೋಗುವ ದಾರಿಯೇ ಬೇರೆ, ಮಗು ಬರುವ ದಾರಿಯೇ ಬೇರೆ. ಸಿನಿಮಾದಲ್ಲಿ ನೀರು ಧಾರಾಕಾರ ಹರಿದ ಮೇಲೆ ನಾಯಕಿ ಚೀರುತ್ತಾಳೆ, ಹೊರಗೆ ಗುಡುಗು, ಒಳಗೆ ಬಿಸಿನೀರಿನ ಹಂಡೆ. ದಿನ ತುಂಬಿದ ಹತ್ತು ಮಂದಿಯಲ್ಲಿ ಹೆಚ್ಚೆಂದರೆ ಒಬ್ಬರಿಗೆ ನೋವಿಗಿಂತ ಮೊದಲು ನೀರು ಹೋಗುತ್ತದೆ, ಅದೂ ಕೆಲವೊಮ್ಮೆ ಬರೀ ತೊಟ್ಟಿಕ್ಕುತ್ತದೆ. ಹೆರಿಗೆ ಹತ್ತಿರವಾದಾಗ ಮಗು ಆಡುವುದು ಕಡಿಮೆಯಾಗುತ್ತದೆ ಎಂಬುದಂತೂ ಶುದ್ಧ ಅಪಾಯ. ಆಟ ಕಡಿಮೆಯಾಯಿತೆನ್ನಿಸಿದರೆ ಅದೇ ದಿನ ತೋರಿಸಬೇಕು.

ವಿಚಿತ್ರವೆಂದರೆ, ಇದೇ ಮನೆಯವರು ಒಂದು ಸೀರೆಗೆ ಹತ್ತು ಅಂಗಡಿ ಹತ್ತಿಳಿದು, ಸೆರಗನ್ನು ಬೆಳಕಿಗೆ ಹಿಡಿದು, ಬಣ್ಣ ಹೋಗುತ್ತದೆಯೇ ಎಂದು ಉಜ್ಜಿ ನೋಡುತ್ತಾರೆ. ಜೀರಿಗೆಗೆ ಒಂದು ಪ್ರಶ್ನೆಯಿಲ್ಲ. ‘ನಾಲ್ಕು ಹೆತ್ತಿದೀನಿ, ನಂಗೊತ್ತಿಲ್ವಾ?’ ಎಂಬ ಮಾತಿನೆದುರು ಎಲ್ಲ ವಾದವೂ ಮುಗಿಯುತ್ತದೆ. 15,000ಕ್ಕೂ ಹೆಚ್ಚು ಹೆರಿಗೆ ಮಾಡಿಸಿ 2018ರಲ್ಲಿ ಪದ್ಮಶ್ರೀ ಪಡೆದ ಪಾವಗಡದ ಸೂಲಗಿತ್ತಿ ನರಸಮ್ಮನವರ ಹೆಸರನ್ನೂ ಈ ವಾದಕ್ಕೆ ಎಳೆದು ತರುವವರಿದ್ದಾರೆ. ಅವರ ವಿದ್ಯೆ ಇದ್ದದ್ದು ಕೈಯಲ್ಲಿ. ಹೊಟ್ಟೆ ಮುಟ್ಟಿ ಮಗು ಹೇಗೆ ಮಲಗಿದೆಯೆಂದು ತಿಳಿಯುವ ಕೈ ಇಲ್ಲದವರು ಕಷಾಯವನ್ನಷ್ಟೇ ಉಳಿಸಿಕೊಂಡರೆ ಅದನ್ನು ಪರಂಪರೆ ಎನ್ನುವುದು ಹೇಗೆ?

ಆ ರಾತ್ರಿ ಆಸ್ಪತ್ರೆಗೆ ಫೋನ್ ಮಾಡಿದರೆ ಆ ಕಡೆಯ ಸಿಸ್ಟರ್ ಕೇಳುವುದು ಕೆಲವೇ ಪ್ರಶ್ನೆ. ಎಷ್ಟು ವಾರ? ಎಷ್ಟನೇ ಹೆರಿಗೆ? ನೋವು ಎಷ್ಟು ನಿಮಿಷಕ್ಕೊಮ್ಮೆ? ನೀರು ಹೋಗಿದೆಯಾ, ರಕ್ತ ಕಂಡಿದೆಯಾ? ನಡುವೆ ಹೊಟ್ಟೆ ಮೆತ್ತಗಾಗುತ್ತದಾ, ಗಟ್ಟಿಯಾಗೇ ಇದೆಯಾ? ಮಗು ಆಡ್ತಿದೆಯಾ? ತಾಯಿ ಕಾರ್ಡ್ ಕೈಯಲ್ಲಿ ಹಿಡಿದವಳು ಇಷ್ಟಕ್ಕೂ ಎರಡು ನಿಮಿಷದಲ್ಲಿ ಉತ್ತರ ಹೇಳಬಲ್ಲಳು. ಜೀರಿಗೆ ಕುದಿಯಲು ಅದಕ್ಕಿಂತ ಹೆಚ್ಚು ಹೊತ್ತು ಬೇಕು.