ಕೈಗಾರಿಕೆಗಳಿಗೆ ತೆರಿಗೆ ರಿಯಾಯಿತಿ: ಉದ್ದೇಶ, ಸ್ವರೂಪ ಮತ್ತು ಷರತ್ತುಗಳು

ಕೈಗಾರಿಕಾ ಘಟಕವೊಂದು ಬೇರೆ ರಾಜ್ಯಕ್ಕೆ ಸ್ಥಳಾಂತರಗೊಂಡಲ್ಲಿ ಸ್ಥಳೀಯರ ಉದ್ಯೋಗ, ಪೂರಕ ಘಟಕಗಳ ವ್ಯವಹಾರ ಹಾಗೂ ರಾಜ್ಯದ ರಾಜಸ್ವಕ್ಕೆ ಹಾನಿಯುಂಟಾಗುತ್ತದೆ. ಇದನ್ನು ತಡೆಗಟ್ಟಲು ಹಾಗೂ ಹೊಸ ಬಂಡವಾಳವನ್ನು ಆಕರ್ಷಿಸಲು ರಾಜ್ಯಗಳು ತೆರಿಗೆ ರಿಯಾಯಿತಿಗಳನ್ನು ನೀಡುತ್ತಾ ಬಂದಿವೆ. ಇವುಗಳ ಸ್ವರೂಪವು ಕಾಲಕಾಲಕ್ಕೆ ಬದಲಾಗಿರುವುದರಿಂದ ಅರ್ಜಿದಾರರ ಮಾಹಿತಿಗಾಗಿ ಕೆಳಕಂಡಂತೆ ವಿವರಿಸಲಾಗಿದೆ.

1. ಹಿನ್ನೆಲೆ

ಮಾರಾಟ ತೆರಿಗೆ ಜಾರಿಯಲ್ಲಿದ್ದ ಅವಧಿಯಲ್ಲಿ ಹೊಸ ಘಟಕಗಳಿಗೆ ನಿಗದಿತ ವರ್ಷಗಳವರೆಗೆ ತೆರಿಗೆ ವಿನಾಯಿತಿ ಅಥವಾ ತೆರಿಗೆ ಪಾವತಿಯನ್ನು ಮುಂದೂಡುವ ಸೌಲಭ್ಯ ನೀಡಲಾಗುತ್ತಿತ್ತು. ಒಂದು ರಾಜ್ಯವು ಐದು ವರ್ಷಗಳ ವಿನಾಯಿತಿ ಘೋಷಿಸಿದಲ್ಲಿ ನೆರೆಯ ರಾಜ್ಯವು ಏಳು ವರ್ಷಗಳಿಗೆ ಘೋಷಿಸುವಂತಹ ಪೈಪೋಟಿಯಿಂದ ಎಲ್ಲ ರಾಜ್ಯಗಳ ರಾಜಸ್ವವೂ ಕುಂಠಿತವಾಯಿತು. ಆದುದರಿಂದ ಏಕರೂಪದ ಕನಿಷ್ಠ ತೆರಿಗೆ ದರಗಳನ್ನು 2000ನೇ ಇಸವಿಯ ಜನವರಿ 1ರಿಂದ ಜಾರಿಗೊಳಿಸಲು ಹಾಗೂ ಮಾರಾಟ ತೆರಿಗೆ ಆಧಾರಿತ ಪ್ರೋತ್ಸಾಹಗಳನ್ನು ಕೈಬಿಡಲು 1999ರ ನವೆಂಬರ್‌ನಲ್ಲಿ ನಡೆದ ಮುಖ್ಯಮಂತ್ರಿಗಳ ಸಮ್ಮೇಳನದಲ್ಲಿ ತೀರ್ಮಾನಿಸಲಾಯಿತು.

2. ಹಿಮಾಚಲ ಪ್ರದೇಶ ಮತ್ತು ಉತ್ತರಾಖಂಡದ ಅನುಭವ

2003ರಲ್ಲಿ ಕೇಂದ್ರ ಸರ್ಕಾರವು ಈ ಎರಡು ಗುಡ್ಡಗಾಡು ರಾಜ್ಯಗಳ ನಿಗದಿತ ಪ್ರದೇಶಗಳಲ್ಲಿನ ಹೊಸ ಘಟಕಗಳಿಗೆ ಹಾಗೂ ಉತ್ಪಾದನಾ ಸಾಮರ್ಥ್ಯವನ್ನು ಕನಿಷ್ಠ ಶೇ. 25ರಷ್ಟು ವಿಸ್ತರಿಸಿದ ಘಟಕಗಳಿಗೆ ಹತ್ತು ವರ್ಷಗಳ ಕೇಂದ್ರ ಅಬಕಾರಿ ಸುಂಕದ ವಿನಾಯಿತಿ ನೀಡಿತು. ಬದ್ದಿ, ಹರಿದ್ವಾರ ಹಾಗೂ ಪಂತನಗರಗಳಲ್ಲಿ ಅನೇಕ ಕಾರ್ಖಾನೆಗಳು ಸ್ಥಾಪನೆಗೊಂಡವು. ತಮ್ಮಲ್ಲಿನ ಕೈಗಾರಿಕೆಗಳು ಅಲ್ಲಿಗೆ ತೆರಳುತ್ತಿವೆಯೆಂದು ನೆರೆಯ ರಾಜ್ಯಗಳು, ವಿಶೇಷವಾಗಿ ಪಂಜಾಬ್, ಆಕ್ಷೇಪಿಸಿದವು.

2017ರ ಜುಲೈ 1ರಿಂದ ಸರಕು ಮತ್ತು ಸೇವಾ ತೆರಿಗೆ ಜಾರಿಯಾದಾಗ ಸದರಿ ವಿನಾಯಿತಿ ಕೊನೆಗೊಂಡಿತು. ಉಳಿದ ಅವಧಿಗೆ ಘಟಕಗಳು ನಗದಾಗಿ ಪಾವತಿಸಿದ ಕೇಂದ್ರ ತೆರಿಗೆಯ ಶೇ. 58ರಷ್ಟನ್ನು ಹಾಗೂ ಅಂತರರಾಜ್ಯ ಮಾರಾಟದ ಮೇಲಿನ ತೆರಿಗೆಯ ಶೇ. 29ರಷ್ಟನ್ನು ಮಾತ್ರ ಮರುಪಾವತಿಸುವ ಯೋಜನೆ ಜಾರಿಗೆ ಬಂದಿತು. ಪೂರ್ಣ ಮೊತ್ತ ಕೋರಿ ಹೀರೊ ಮೋಟೊಕಾರ್ಪ್ ಮುಂತಾದ ಕಂಪನಿಗಳು ಸಲ್ಲಿಸಿದ ಮೇಲ್ಮನವಿಗಳನ್ನು ಸರ್ವೋಚ್ಚ ನ್ಯಾಯಾಲಯವು 2022ರ ಅಕ್ಟೋಬರ್‌ನಲ್ಲಿ ತಿರಸ್ಕರಿಸಿತು. ಕಾನೂನು ಬದಲಾದಲ್ಲಿ ಹಿಂದಿನ ಭರವಸೆಯ ಆಧಾರದ ಮೇಲೆ ಪೂರ್ಣ ರಿಯಾಯಿತಿಯನ್ನು ಹಕ್ಕಾಗಿ ಕೇಳಲು ಬರುವುದಿಲ್ಲವೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

3. ಈಗಿನ ವ್ಯವಸ್ಥೆ

ಸರಕು ಮತ್ತು ಸೇವಾ ತೆರಿಗೆಯು ಸರಕು ಬಳಕೆಯಾಗುವ ರಾಜ್ಯಕ್ಕೆ ಸೇರತಕ್ಕದ್ದಾಗಿದೆ. ಹೊರ ರಾಜ್ಯಕ್ಕೆ ಮಾರಾಟವಾಗುವ ಸರಕಿನ ಮೇಲಿನ ರಾಜ್ಯ ತೆರಿಗೆಯ ಪಾಲು ಕಾರ್ಖಾನೆಯಿರುವ ರಾಜ್ಯಕ್ಕೆ ದೊರೆಯುವುದಿಲ್ಲ. ಅಲ್ಲದೆ, ಜಿ.ಎಸ್.ಟಿ. ಮಂಡಳಿಯ ಶಿಫಾರಸು ಇಲ್ಲದೆ ಯಾವುದೇ ರಾಜ್ಯವು ತಾನೇ ವಿನಾಯಿತಿ ನೀಡುವಂತಿಲ್ಲ. ಆದುದರಿಂದ ಘಟಕವು ಮೊದಲು ತೆರಿಗೆಯನ್ನು ಪೂರ್ಣವಾಗಿ ಪಾವತಿಸತಕ್ಕದ್ದು. ಸರ್ಕಾರವು ತನ್ನ ಆಯವ್ಯಯದಿಂದ ಸಹಾಯಧನವನ್ನು ಪ್ರತ್ಯೇಕವಾಗಿ ನೀಡುತ್ತದೆ.

ಕರ್ನಾಟಕದ 2020-25ರ ಕೈಗಾರಿಕಾ ನೀತಿಯಲ್ಲಿ ದೊಡ್ಡ ಘಟಕಗಳ ಪ್ರೋತ್ಸಾಹಧನವನ್ನು ಪಾವತಿಸಿದ ತೆರಿಗೆಯ ಬದಲು ವಾರ್ಷಿಕ ವಹಿವಾಟಿಗೆ ಜೋಡಿಸಲಾಯಿತು. 2025-30ರ ನೀತಿಯಲ್ಲಿ ಬಂಡವಾಳ ಸಹಾಯಧನ ಅಥವಾ ಉತ್ಪಾದನೆ ಆಧಾರಿತ ಪ್ರೋತ್ಸಾಹಧನ, ಇವೆರಡರಲ್ಲಿ ಒಂದನ್ನು ಆಯ್ದುಕೊಳ್ಳಲು ಅವಕಾಶ ಕಲ್ಪಿಸಲಾಗಿದೆ.

4. ಅರ್ಜಿದಾರರು ಗಮನಿಸತಕ್ಕ ಅಂಶಗಳು

ಅ) ಪ್ರೋತ್ಸಾಹಧನವು ಘಟಕ ಇರುವ ವಲಯ, ಹೂಡಿಕೆ ಹಾಗೂ ಉದ್ಯೋಗಕ್ಕೆ ಸಂಬಂಧಿಸಿದ ಷರತ್ತುಗಳಿಗೆ ಒಳಪಟ್ಟಿರುತ್ತದೆ. ಹೂಡಿಕೆಗೆ ಮುನ್ನ ಅನ್ವಯವಾಗುವ ನೀತಿಯ ಸರ್ಕಾರಿ ಆದೇಶವನ್ನು ಓದಿಕೊಳ್ಳತಕ್ಕದ್ದು.

ಆ) ಇಂತಹ ಯೋಜನೆಗಳು ಸಾಮಾನ್ಯವಾಗಿ ಹೊಸ ಘಟಕಗಳಿಗೆ ಹಾಗೂ ನೈಜ ವಿಸ್ತರಣೆಗೆ ಮೀಸಲಾಗಿರುತ್ತವೆ. ಹಳೆಯ ಯಂತ್ರೋಪಕರಣಗಳನ್ನು ಸ್ಥಳ ಬದಲಿಸಿದ ಮಾತ್ರಕ್ಕೆ ಅರ್ಹತೆ ಲಭಿಸುತ್ತದೆಂದು ಭಾವಿಸಬಾರದು.

ಇ) ಹೂಡಿಕೆಯ ಬಿಲ್ಲುಗಳು, ಲೆಕ್ಕಪರಿಶೋಧಕರ ದೃಢೀಕರಣ ಹಾಗೂ ತೆರಿಗೆ ವಿವರಪಟ್ಟಿಗಳನ್ನು ಮೊದಲ ದಿನದಿಂದಲೇ ಕ್ರಮಬದ್ಧವಾಗಿ ಕಾಯ್ದಿರಿಸುವುದು.

ಈ) ಬ್ಯಾಂಕ್ ಸಾಲದ ಮರುಪಾವತಿಯನ್ನು ಲೆಕ್ಕ ಹಾಕುವಾಗ ಪ್ರೋತ್ಸಾಹಧನವನ್ನು ಖಚಿತ ಆದಾಯವೆಂದು ಪರಿಗಣಿಸಬಾರದು. ರಿಯಾಯಿತಿ ಇಲ್ಲದೆಯೂ ನಡೆಯಬಲ್ಲ ಘಟಕಕ್ಕೆ ಮಾತ್ರ ರಿಯಾಯಿತಿಯಿಂದ ನಿಜವಾದ ಅನುಕೂಲವಾಗುತ್ತದೆ.

ಹೆಚ್ಚಿನ ಮಾಹಿತಿಗಾಗಿ ಸಂಬಂಧಪಟ್ಟ ಜಿಲ್ಲಾ ಕೈಗಾರಿಕಾ ಕೇಂದ್ರದ ಜಂಟಿ ನಿರ್ದೇಶಕರ ಕಚೇರಿಯನ್ನು ಕಚೇರಿ ವೇಳೆಯಲ್ಲಿ ಸಂಪರ್ಕಿಸಬಹುದಾಗಿದೆ.