ಹಳೆಯ ಕಂಪ್ರೆಸರ್ ಟ್ಯಾಂಕಿಗೆ ತಪಾಸಣೆ ಬೇಕೆ?

ಪ್ರಶ್ನೆ: ಪೀಣ್ಯದ ನಮ್ಮ ಕಾರ್ಖಾನೆಯ ಏರ್ ಕಂಪ್ರೆಸರ್ ಟ್ಯಾಂಕ್ ಹತ್ತು ವರ್ಷದಿಂದ ತೊಂದರೆ ಕೊಟ್ಟಿಲ್ಲ. ಆದರೂ ತಪಾಸಣೆ ಮಾಡಿಸಬೇಕೆ?

ಉತ್ತರ: ಮಾಡಿಸಲೇಬೇಕು. ತೊಂದರೆ ಕೊಟ್ಟಿಲ್ಲ ಎಂಬುದು ಟ್ಯಾಂಕ್ ಗಟ್ಟಿಯಾಗಿದೆ ಎನ್ನುವುದಕ್ಕೆ ಸಾಕ್ಷಿಯಲ್ಲ, ಏಕೆಂದರೆ ಅದು ಸವೆಯುವುದು ಒಳಗಿನಿಂದ. ಒತ್ತಿದ ಗಾಳಿಯ ತೇವಾಂಶ ನೀರಾಗಿ ತಳದಲ್ಲಿ ನಿಲ್ಲುತ್ತದೆ. ಡ್ರೈನ್ ವಾಲ್ವ್ ತೆರೆದು ದಿನವೂ ಅದನ್ನು ಹೊರಬಿಡದಿದ್ದರೆ ತಳದ ಉಕ್ಕು ತುಕ್ಕು ಹಿಡಿದು ತೆಳುವಾಗುತ್ತದೆ. ಹೊರಗಿನ ಬಣ್ಣ ಮಾತ್ರ ಹೊಳೆಯುತ್ತಲೇ ಇರುತ್ತದೆ. ಅರ್ಧ ಮೀಟರ್ ವ್ಯಾಸದ ಟ್ಯಾಂಕಿನಲ್ಲಿ ಪ್ರತಿ ಚದರ ಸೆಂ.ಮೀ.ಗೆ 7 ಕೆ.ಜಿ. ಒತ್ತಡವಿದ್ದರೆ, ಅದರ ಒಂದೊಂದು ತುದಿಯನ್ನೂ 13 ಟನ್ನಿಗೂ ಹೆಚ್ಚು ಬಲ ಹೊರಕ್ಕೆ ತಳ್ಳುತ್ತಿರುತ್ತದೆ. ತೆಳುವಾದ ಲೋಹ ಅದನ್ನು ಎಷ್ಟು ದಿನ ತಡೆದೀತು? ಅಲ್ಟ್ರಾಸಾನಿಕ್ ಉಪಕರಣದಿಂದ ದಪ್ಪ ಅಳೆದರೆ, ನೀರು ತುಂಬಿ ಒತ್ತಡ ಪರೀಕ್ಷೆ ಮಾಡಿದರೆ ಮಾತ್ರ ಅದು ತಿಳಿಯುತ್ತದೆ.

ವಾರ್ಷಿಕ ಸರ್ವಿಸ್ ಗುತ್ತಿಗೆ ಇದೆಯಲ್ಲ ಎಂದು ಹಲವರು ಕೇಳುತ್ತಾರೆ. ಆಯಿಲ್, ಫಿಲ್ಟರ್ ಬದಲಿಸುವುದು ತಪಾಸಣೆಯಲ್ಲ. ಸಮರ್ಥ ವ್ಯಕ್ತಿಯೆಂದು ಮಾನ್ಯತೆ ಪಡೆದವರು ಪರೀಕ್ಷಿಸಿ ಲಿಖಿತ ವರದಿ ಕೊಡಬೇಕು. ಸುರಕ್ಷಿತ ಒತ್ತಡದ ಮಿತಿ ಮೀರದಂತೆ ನೋಡಿಕೊಳ್ಳಬೇಕೆಂದು 1948ರ ಕಾರ್ಖಾನೆ ಕಾಯ್ದೆಯ 31ನೇ ಕಲಂ ಹೇಳಿತ್ತು. ಔದ್ಯೋಗಿಕ ಸುರಕ್ಷತೆಯ 2020ರ ಸಂಹಿತೆಯೂ ಅಪಾಯವಿಲ್ಲದ ಕೆಲಸದ ಸ್ಥಳ ಒದಗಿಸುವ ಹೊಣೆಯನ್ನು ಮಾಲೀಕರ ಮೇಲೆಯೇ ಇಡುತ್ತದೆ. ಗುತ್ತಿಗೆದಾರನ ಸಹಿಯಿಂದ ಆ ಹೊಣೆ ಕೈ ಬದಲಾಗುವುದಿಲ್ಲ. ಖರ್ಚು, ಉತ್ಪಾದನೆ ನಿಲ್ಲುವ ಚಿಂತೆ ಸಣ್ಣ ಘಟಕಗಳಿಗೆ ನಿಜವಾದದ್ದೇ. ಆದರೆ ಆಯುಧಪೂಜೆಗೆ ಹೇಗೂ ಯಂತ್ರ ನಿಲ್ಲಿಸುತ್ತೀರಿ. ಅದರ ಆಸುಪಾಸಿನಲ್ಲೇ ಪರೀಕ್ಷೆ ಇಟ್ಟುಕೊಳ್ಳಬಹುದು. ಅಲ್ಲಿಯವರೆಗೆ ಸೇಫ್ಟಿ ವಾಲ್ವನ್ನು ಯಾರೂ ಬಿಗಿಮಾಡದಂತೆ ನೋಡಿಕೊಳ್ಳಿ. ಹಿಂದಿನ ವರದಿಯೇ ಇಲ್ಲದಿದ್ದರೆ ಹಬ್ಬಕ್ಕೂ ಕಾಯಬೇಡಿ, ಈ ವಾರವೇ ಪರೀಕ್ಷೆ ಮಾಡಿಸಿ.